ಚಿಲಕ ಒದ್ದೆಯಾಗಿತ್ತು: ದೆವ್ವದ ಸುದ್ದಿಯಿಂದ ಕಥೆ, ಕಥೆಯಿಂದ ಸಂಕಲನ

ನಗರಗಳಲ್ಲಿ ಬಾಯಿಂದ ಬಾಯಿಗೆ ಹಬ್ಬುವ ಭಯದ ಸುದ್ದಿಗಳನ್ನು ಆಧರಿಸಿ ಕಥಾಸಂಕಲನ ತರಬೇಕೆಂದಿರುವವರು ಕಳಿಸಿದ ಪ್ರಶ್ನೆಗಳಲ್ಲಿ ಆರಕ್ಕೆ ಈ ಬಾರಿ ಉತ್ತರಿಸಿದ್ದೇವೆ.

ಪ್ರಶ್ನೆ: ‘ನಾಳೆ ಬಾ’ ದೆವ್ವದ ಸುದ್ದಿ ಆಧರಿಸಿ ಕಥೆ ಬರೆದೆ. ಓದಿದವರೆಲ್ಲ ‘ಚೆನ್ನಾಗಿದೆ’ ಅಂದರು, ಯಾರೂ ಹೆದರಲಿಲ್ಲ. ಎಲ್ಲಿ ಎಡವಿದೆ? (ಶಿವಮೊಗ್ಗ)

ಉತ್ತರ: ನೀವು ದೆವ್ವಕ್ಕೊಂದು ಪೂರ್ವಕಥೆ ಕಟ್ಟಿರುವ ಸಾಧ್ಯತೆ ಹೆಚ್ಚು. ಮೋಸಹೋದ ಹೆಣ್ಣು, ಹಾಳು ಬಾವಿ, ಹುಣ್ಣಿಮೆಯ ಶಾಪ. ಇಂಥ ಕಥೆಗಳಲ್ಲಿ ಹೆಚ್ಚಿನವು ಸಾಯುವುದು ಅಲ್ಲೇ. ಕಾರಣ ಗೊತ್ತಾದ ದೆವ್ವದ ಮೇಲೆ ಕನಿಕರ ಹುಟ್ಟುತ್ತದೆ, ಭಯ ಹುಟ್ಟುವುದಿಲ್ಲ.

1990ರ ದಶಕದಲ್ಲಿ ಬೆಂಗಳೂರಿನ ಗಲ್ಲಿಗಳಲ್ಲಿ ಹಬ್ಬಿದ ಈ ಸುದ್ದಿಯ ತಿರುಳು ಬಹಳ ಚಿಕ್ಕದು. ದೆವ್ವವಾದ ಹೆಣ್ಣೊಬ್ಬಳು ರಾತ್ರಿ ಬಾಗಿಲು ಬಡಿಯುತ್ತಾಳೆ, ಮನೆಯವರದೇ ದನಿಯಲ್ಲಿ ಕರೆಯುತ್ತಾಳೆ, ತೆರೆದರೆ ಸಾವು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿ ಹಿಂದಿರುಗುತ್ತಾಳೆ. ಕಿರಾಣಿ ಅಂಗಡಿಯ ‘ಇಂದು ನಗದು, ನಾಳೆ ಉದ್ರಿ’ ಬೋರ್ಡಿನ ಉಪಾಯವೇ ಇದು. ಸಾಲ ಕೇಳಲು ಬಂದವನನ್ನು ಸಾಗಹಾಕಿದಂತೆ ಸಾವನ್ನು ಸಾಗಹಾಕುವುದು. ಲೆಕ್ಕ ಚುಕ್ತಾ ಆಗಿಲ್ಲ ಎಂಬುದೇ ಇಲ್ಲಿನ ಹೆದರಿಕೆ.

ಹಾಗಾಗಿ ದೆವ್ವವನ್ನು ಬಿಟ್ಟು ನಿಯಮವನ್ನು ಹಿಡಿಯಿರಿ. ಅದು ಎಲ್ಲಿ ಮುರಿಯಬಹುದು? ಹಬ್ಬಕ್ಕೆ ಸುಣ್ಣ ಬಳಿದಾಗ ಬರಹ ಅಳಿಸಿಹೋಯಿತು. ಬಾಡಿಗೆಗೆ ಬಂದವರು ಬೇರೆ ಲಿಪಿಯಲ್ಲಿ ಬರೆದರು. ಇವೆರಡೂ ಸರಿಯೇ, ಆದರೆ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಬಲವಾದದ್ದು ಬೇರೆ: ರಾತ್ರಿ ಪಾಳಿ ಮುಗಿಸಿದ ನಿಜವಾದ ತಾಯಿಯೇ ಹೊರಗೆ ನಿಂತು ಕರೆಯುತ್ತಾಳೆ, ಒಳಗಿರುವ ಮಕ್ಕಳು ತೆರೆಯುವುದಿಲ್ಲ. ಈ ಕಥೆಗೆ ದೆವ್ವ ಬರಲೇಬೇಕೆಂದಿಲ್ಲ.

ಇನ್ನು ಹೇಳುವ ರೀತಿ. ಇಂಥ ಸುದ್ದಿ ಸದಾ ಗೆಳೆಯನ ಗೆಳೆಯನಿಗೆ, ಚಿಕ್ಕಪ್ಪನ ಆಫೀಸಿನವರಿಗೆ ಆಗಿರುತ್ತದೆ. ಅದನ್ನು ಹೊರಲು ಕನ್ನಡದಲ್ಲಿ ‘ಅಂತೆ’ ಇದೆ. ಅದು ಹೇಳುವವನನ್ನು ಘಟನೆಯಿಂದ ದೂರ ನಿಲ್ಲಿಸುತ್ತದೆ. ಹೀಗೆ ನೋಡಿ: ‘ಬಾಗಿಲು ಬಡಿದಳಂತೆ. ಥೇಟ್ ಅಮ್ಮನ ದನಿಯಂತೆ. ಇವರು ಎದ್ದುಹೋಗಿ ಚಿಲಕಕ್ಕೆ ಕೈಯಿಟ್ಟರಂತೆ. ಚಿಲಕ ಒದ್ದೆಯಾಗಿತ್ತು.’ ಕೊನೆಯ ವಾಕ್ಯದಲ್ಲಿ ‘ಅಂತೆ’ ಬಿದ್ದುಹೋಗಿದೆ. ಹಾಗಾದರೆ ಚಿಲಕ ಮುಟ್ಟಿದ್ದು ಯಾರು? ಹೇಳುತ್ತಿರುವವನೇ. ದೆವ್ವ ಎಂಬ ಪದವೇ ಬಂದಿಲ್ಲ.

ಒಂದು ಕಥೆಯಲ್ಲಿ ಇದನ್ನು ಒಮ್ಮೆ ಮಾತ್ರ ಮಾಡಬೇಕು. ಎರಡನೇ ಸಲಕ್ಕೆ ಓದುಗರು ಕಾದು ಕೂತಿರುತ್ತಾರೆ. ಮೊದಲ ವಾಕ್ಯದಲ್ಲೇ ‘ಅಂತೆ’ ಬಿಟ್ಟರೆ ಕಳೆದುಕೊಳ್ಳಲು ಏನೂ ಉಳಿಯುವುದಿಲ್ಲ. ಎರಡು ಪುಟ ಬರೀ ‘ಅಂತೆ’ ಆದರೆ ಕಿವಿಗೆ ತಾಳ ಹಾಕಿದಂತಾಗುತ್ತದೆ, ಮಧ್ಯೆ ಸಂಭಾಷಣೆ ಇಟ್ಟು ಮುರಿಯಿರಿ.

ಪ್ರಶ್ನೆ: ವಿಮಾನ ನಿಲ್ದಾಣದ ರಸ್ತೆಯಲ್ಲಿ ಲಿಫ್ಟ್ ಕೇಳಿ ಮಾಯವಾಗುವ ಹೆಂಗಸಿನ ಕಥೆ ತೀರಾ ಹಳತಾಯಿತೇ? (ಬೆಂಗಳೂರು)

ಉತ್ತರ: ಹಳತು ನಿಜ. ಅಮೆರಿಕದ ಬೇರ್ಡ್‌ಸ್ಲಿ ಮತ್ತು ಹ್ಯಾಂಕಿ ಎಂಬ ಸಂಶೋಧಕರು 1942ರಲ್ಲೇ ಈ ಬಗೆಯ ಕಥೆಯ 79 ಪಾಠಗಳನ್ನು (ರೂಪಾಂತರಗಳನ್ನು) ಒಟ್ಟುಮಾಡಿ ನಾಲ್ಕು ಗುಂಪಾಗಿ ವಿಂಗಡಿಸಿದ್ದರು. ಆದ್ದರಿಂದ ‘ಅವಳು ಸತ್ತು ಹತ್ತು ವರ್ಷವಾಯಿತು’ ಎಂಬುದನ್ನು ಕೊನೆಯ ಸಾಲಿಗೆ ಬಚ್ಚಿಡಬೇಡಿ. ಎರಡನೇ ಪ್ಯಾರಾದಲ್ಲೇ ಓದುಗರಿಗೆ ಗೊತ್ತಾಗಿರುತ್ತದೆ. ಗೊತ್ತಿದೆ ಎಂದೇ ಹಿಡಿದು ಮುಂದೆ ಹೋಗಿ.

ಹಳೆಯ ಪಾಠಗಳಲ್ಲಿ ಅವಳಿಗೆ ಹೊದೆಯಲು ಕೊಟ್ಟಿದ್ದ ಕೋಟು ಅವಳ ಸಮಾಧಿಯ ಮೇಲೆ ಸಿಕ್ಕಿ ಸಾಕ್ಷಿಯಾಗುತ್ತದೆ. ಇವತ್ತು ಆ ಕೆಲಸಕ್ಕೆ ಕ್ಯಾಬ್ ಆ್ಯಪ್ ಇದೆ. ನಾಲ್ಕಂಕಿಯ ಓಟಿಪಿ ಸರಿಯಾಗಿಯೇ ಬಂತು, ಟ್ರಿಪ್ ಶುರುವಾಯಿತು, ಬಿಲ್ಲೂ ಆಯಿತು. ಹಾಗಾದರೆ ಅಂಕಿ ಹೇಳಿದ್ದು ಯಾರು? ಬಹುತೇಕ ಹಸ್ತಪ್ರತಿಗಳಲ್ಲಿ ಈ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಹೋಗುತ್ತದೆ, ಬ್ಯಾಟರಿ ಸಾಯುತ್ತದೆ. ಅದು ಸೋಮಾರಿತನ. ಫೋನು ಚೆನ್ನಾಗಿ ಕೆಲಸ ಮಾಡುತ್ತಿರಬೇಕು, ಭಯ ಇರುವುದೇ ಅದರಲ್ಲಿ.

ಪ್ರಶ್ನೆ: ಅಜ್ಜಿ ಹೇಳುತ್ತಿದ್ದ ಕೊಳ್ಳಿದೆವ್ವ, ಮೋಹಿನಿ, ತುಳುನಾಡಿನ ದೈವಗಳನ್ನೂ ಸೇರಿಸಬಹುದೇ? (ಮಂಗಳೂರು)

ಉತ್ತರ: ಕೊಳ್ಳಿದೆವ್ವ ಗದ್ದೆಬಯಲಿನದು. ಅದನ್ನು ಅಪಾರ್ಟ್‌ಮೆಂಟಿನ ಲಿಫ್ಟಿಗೆ ತರಲು ಗಟ್ಟಿ ಕಾರಣ ಬೇಕು. ಕೆರೆ ಮುಚ್ಚಿ ಕಟ್ಟಿದ ಕಟ್ಟಡ ಅಂಥದೊಂದು ಕಾರಣ. ದೈವಗಳನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಪಂಜುರ್ಲಿಯಂಥ ದೈವಕ್ಕೆ ಕೋಲ, ನೇಮದ ಆಚರಣೆಗಳಿವೆ, ಪಾಡ್ದನ ಎಂಬ ಹಾಡುಗಳಿವೆ. ನಂಬಿ ನಡೆಯುವ ಮನೆತನಗಳಿವೆ. ಅದು ಆರಾಧನೆ, ಗಾಳಿಸುದ್ದಿಯಲ್ಲ.

ಪ್ರಶ್ನೆ: ಮಕ್ಕಳ ಕಳ್ಳರ ವಾಟ್ಸ್‌ಆ್ಯಪ್ ಸುದ್ದಿಯನ್ನು ಭಯಾನಕ ಕಥೆಯಾಗಿಸಬಹುದೇ? (ಕಲಬುರಗಿ)

ಉತ್ತರ: ಆಗಿಸಬಹುದು, ಆದರೆ ಕಳ್ಳನನ್ನು ನಿಜ ಮಾಡಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ಕಳ್ಳರೆಂದು ತಿಳಿದು ಗುಂಪು ಹೊಡೆಯಿತು, ಹೈದರಾಬಾದಿನ ಎಂಜಿನಿಯರೊಬ್ಬರು ಸತ್ತರು. ದೆಹಲಿಯಲ್ಲಿ 2001ರ ಮೇ ತಿಂಗಳಲ್ಲಿ ‘ಮಂಕಿ ಮ್ಯಾನ್’ ಎಂಬ ಕೋತಿಮನುಷ್ಯನ ಸುದ್ದಿ ಹಬ್ಬಿದಾಗ, ಸೆಕೆಗೆ ಮಾಳಿಗೆಯ ಮೇಲೆ ಮಲಗಿದ್ದವರು ಗಾಬರಿಯಲ್ಲಿ ಹಾರಿ ಪ್ರಾಣ ಕಳೆದುಕೊಂಡರು. ಎರಡು ಕಡೆಯೂ ಕೊಂದದ್ದು ಸುದ್ದಿ. ನಿಮ್ಮ ಕಥೆಯ ಕಣ್ಣು ಗುಂಪಿನೊಳಗಿನ ಒಬ್ಬರದಾಗಿರಲಿ: ಮೆಸೇಜು ಮುಂದಕ್ಕೆ ಕಳಿಸಿದವರದು, ಆಮೇಲೆ ಅಳಿಸಿದವರದು.

ಪ್ರಶ್ನೆ: ಕೃತಿಸ್ವಾಮ್ಯದ ತೊಂದರೆ ಬರುತ್ತದೆಯೇ? ನಿಜವಾದ ‘ದೆವ್ವದ ಮನೆ’ಯ ವಿಳಾಸ ಹಾಕಬಹುದೇ? (ಹುಬ್ಬಳ್ಳಿ)

ಉತ್ತರ: ಜನರ ಬಾಯಲ್ಲಿರುವ ನಂಬಿಕೆಗೆ ಒಡೆಯರಿಲ್ಲ. 2018ರ ಹಿಂದಿ ಸಿನಿಮಾ ‘ಸ್ತ್ರೀ’ ಬಾಗಿಲ ಬರಹದ ಇದೇ ಉಪಾಯವನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದಿತು. ಆ ಉಪಾಯ ಈಗಲೂ ನಿಮ್ಮದು, ಆ ಸಿನಿಮಾದ ಪಾತ್ರ ಮತ್ತು ಸಂಭಾಷಣೆ ನಿಮ್ಮದಲ್ಲ.

ವಿಳಾಸ ಬೇಡವೇ ಬೇಡ. ‘ದೆವ್ವದ ಮನೆ’ ಎನಿಸಿಕೊಂಡ ಹಲವು ಕಡೆ ನಿಜವಾದ ಕೊಲೆ, ಆತ್ಮಹತ್ಯೆ ನಡೆದಿರುತ್ತದೆ, ಬಂಧುಗಳು ಬದುಕಿರುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಪ್ರಕಾರ ಸತ್ತವರ ಮೇಲೆ ಕಳಂಕ ಹೊರಿಸಿ ಮನೆಯವರನ್ನು ನೋಯಿಸುವುದೂ ಮಾನಹಾನಿಯಾಗಬಹುದು. ರಸ್ತೆ, ಮನೆ, ವರ್ಷ ಮೂರನ್ನೂ ಬದಲಿಸಿ. ಒಂದನ್ನು ಮಾತ್ರ ಬದಲಿಸಿದರೆ ಆಸುಪಾಸಿನವರು ಗುರುತು ಹಿಡಿದೇ ಹಿಡಿಯುತ್ತಾರೆ.

ಪ್ರಶ್ನೆ: ಎಷ್ಟು ಕಥೆ, ಎಷ್ಟು ಪುಟ? (ಮೈಸೂರು)

ಉತ್ತರ: 2,200 ಪದಗಳ 12 ಕಥೆ ಎಂದಿಟ್ಟುಕೊಳ್ಳಿ, ಒಟ್ಟು 26,400 ಪದ. ಡೆಮಿ 1/8 ಎಂಬ ಪುಸ್ತಕದ ಆಕಾರದಲ್ಲಿ ಪುಟಕ್ಕೆ 220 ಪದ ಹಿಡಿದರೆ 120 ಪುಟ. ಪ್ರತಿ ಕಥೆ ಹೊಸ ಪುಟದಲ್ಲಿ ಶುರುವಾಗುವುದರಿಂದ ಸುಮಾರು 6 ಪುಟ ಹೆಚ್ಚು, ಮುನ್ನುಡಿ ಇತ್ಯಾದಿ 8, ಒಟ್ಟು 134. ಅಚ್ಚಾಗುವುದು 16 ಪುಟಗಳ ಕಟ್ಟಿನ, ಅಂದರೆ ಫಾರಂನ, ಲೆಕ್ಕದಲ್ಲಿ: 8 ಫಾರಂಗೆ 128, 9ಕ್ಕೆ 144. ಹತ್ತು ಖಾಲಿ ಪುಟಕ್ಕೆ ದುಡ್ಡು ಕೊಡುವ ಬದಲು ಆರು ಪುಟದ 1,320 ಪದ ಕತ್ತರಿಸಿ. ಮೊದಲು ಪೂರ್ವಕಥೆಗಳ ಮೇಲೆ ಕತ್ತರಿಯಾಡಿಸಿದರೆ ಅಷ್ಟು ಪದ ಅಲ್ಲೇ ಸಿಗುತ್ತವೆ.

ಬಿಳಿ ಸೀರೆಯ ಎರಡು ಕಥೆ ಅಕ್ಕಪಕ್ಕ ಬೇಡ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಉಚಿತ, ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಗೆ ಅರ್ಜಿ ಹಾಕಿದರೆ ಸಿಗುತ್ತದೆ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಶೈಲಿಯಲ್ಲಿರುವ ಕಡತವನ್ನು ಯೂನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು ಸೊನ್ನೆಗಳನ್ನು ಒಂದೊಂದಾಗಿ ನೋಡಿ. ‘ಅಂತೆ’ಯ ಸೊನ್ನೆ ಎಗರಿ ‘ಅತೆ’ಯಾದರೆ ನಗು ಬರುತ್ತದೆ.