ಎರಡು ತಿಂಗಳಿಗೇ ಬಿಡಬೇಡಿ

5 ವರ್ಷದ ಮಗನಿಗೆ ಆಟಿಸಂ, ಮೆಟ್ಟಿಲು ಇಳಿಯಲು ಹೆದರುತ್ತಾನೆ, 2 ತಿಂಗಳು ಫಿಸಿಯೋಥೆರಪಿ ಮಾಡಿಸಿದರೂ ಬದಲಾವಣೆ ಇಲ್ಲ, ನಿಲ್ಲಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ.

ನನ್ನ ಮಗಳೂ ಹಾಗೇ ಇದ್ದಳು. ಕಂಬಿ ಗಟ್ಟಿಯಾಗಿ ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಳಿಯುತ್ತಿದ್ದಳು. ಅದು ಬಿಡೋಕೆ 8 ತಿಂಗಳು ಬೇಕಾಯಿತು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸ್ನಾಯುಗಳಲ್ಲಿ ಬಿಗಿ ಕಡಿಮೆ, ಕಾಲು ಎಲ್ಲಿದೆ ಅನ್ನುವ ಅಂದಾಜೂ ಸರಿಯಾಗಿ ಸಿಗುವುದಿಲ್ಲ. ಸುಮ್ನೆ ಹಟ ಅಂದುಕೊಂಡು ನಾನೂ ಗದರಿದ್ದೆ, ಈಗ ಬೇಜಾರಾಗುತ್ತದೆ.

ನಮಗೆ ಕೆಲಸಕ್ಕೆ ಬಂದದ್ದು ಬಾಗಿಲ ಮುಂದಿನ ಒಂದೇ ಒಂದು ಮೆಟ್ಟಿಲು. ಅಂಚಿಗೆ ಕೆಂಪು ಟೇಪ್ ಅಂಟಿಸಿ, ಬರಿಗಾಲಲ್ಲಿ, ದಿನಾ 10 ನಿಮಿಷ. ಮೊದಲು ಅವಳ ಎರಡೂ ಕೈ ಹಿಡಿಯುತ್ತಿದ್ದೆ. ಆಮೇಲೆ ಒಂದು ಕೈ. ಕೊನೆಗೆ ಬರೀ ಕಿರುಬೆರಳು. ಥೆರಪಿಸ್ಟ್ ಸಿಗುವುದು ವಾರಕ್ಕೆರಡು ದಿನ, ಉಳಿದ ದಿನ ನಾವೇ ಅಲ್ವಾ? ಮನೆಯಲ್ಲಿ ಏನು ಮಾಡಿಸಬೇಕು ಅಂತ ಅವರನ್ನೇ ಕೇಳಿ. ತಿಂಗಳಿಗೊಂದು ವಿಡಿಯೋ ಮಾಡಿಡಿ, ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ.

ಮೊದಲು ಇಳಿಯುತ್ತಿದ್ದವನು ಈಗ ಇಳಿಯುವುದನ್ನೇ ನಿಲ್ಲಿಸಿದ್ದರೆ ಬೇಗ ಡಾಕ್ಟರಿಗೆ ತೋರಿಸಿ. ಖರ್ಚು ಜಾಸ್ತಿ ಆಗುತ್ತಿದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಅನ್ನುವ ಆರೋಗ್ಯ ವಿಮೆ ವಿಚಾರಿಸಿ, ಥೆರಪಿ ಖರ್ಚಿಗೂ ಒಂದಿಷ್ಟು ಸಿಗುತ್ತದೆ.