ಮಾರ್ಚಿಯಲ್ಲಿ ತಂಪಾದ ಮಡಕೆ ಜುಲೈನಲ್ಲಿ ಏಕೆ ತಂಪಾಗದು?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ತೋಟದ ಮನೆ. ಕರೆಂಟು ಗಂಟೆಗಟ್ಟಲೆ ಹೋಗುವುದರಿಂದ ಫ್ರಿಜ್ಜನ್ನು ನೆಚ್ಚಿಕೊಳ್ಳುವಂತಿಲ್ಲ. ಹೋದ ಮಾರ್ಚಿಯಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಅಡುಗೆಮನೆಯ ಮೂಲೆಯಲ್ಲಿರಿಸಿ ಸೊಪ್ಪು ತರಕಾರಿ ಇಡತೊಡಗಿದೆವು. ಆಗ ಚೆನ್ನಾಗಿಯೇ ತಂಪಾಗುತ್ತಿತ್ತು. ಜುಲೈನಲ್ಲಿ ಎಷ್ಟು ನೀರು ಹಾಕಿದರೂ ತಂಪಾಗಲಿಲ್ಲ, ಒಳಗಿಟ್ಟ ಹಾಲೂ ಒಡೆಯಿತು. ಹೊರಮಡಕೆಯ ಮೇಲೆ ಬಿಳಿ ಪುಡಿ ಕಟ್ಟಿದೆ. ಮಡಕೆಯೇ ಕೆಟ್ಟಿತೇ? — ಓದುಗರೊಬ್ಬರು

ಉತ್ತರ: ನಿಮ್ಮ ಮಡಕೆ ಕೆಟ್ಟಿಲ್ಲ, ಅದರ ಸುತ್ತಲಿನ ಗಾಳಿ ಬದಲಾಗಿದೆ. ಮಡಕೆಯನ್ನು ತಂಪು ಮಾಡುವುದು ನೀರಿನ ತಣ್ಪಲ್ಲ, ಆ ನೀರು ಆವಿಯಾಗಿ ಹೋಗುವಾಗ ತನ್ನೊಡನೆ ಒಯ್ಯುವ ಶಾಖ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಐವತ್ತು ಲೀಟರಿಗೂ ಹೆಚ್ಚು ನೀರನ್ನು 10 ಡಿಗ್ರಿಯಷ್ಟು ತಣಿಸಿದಾಗ ಹೊರಬರುವ ಶಾಖ ಅಷ್ಟಾಗುತ್ತದೆ. ಆದರೆ ಆವಿಯನ್ನು ಬರಮಾಡಿಕೊಳ್ಳುವಷ್ಟು ಒಣಗಿದ ಗಾಳಿ ಇರದಿದ್ದರೆ ನೀರು ಮರಳಿನಲ್ಲಿಯೇ ಉಳಿಯುತ್ತದೆ, ಶಾಖವೂ ಒಳಗೇ ಉಳಿಯುತ್ತದೆ.

ಮಧ್ಯಾಹ್ನದ ಉಷ್ಣತೆ 35 ಡಿಗ್ರಿಯಿದ್ದು ಗಾಳಿಯ ತೇವಾಂಶ ಶೇ. 30ರಷ್ಟಿದ್ದರೆ, ಆವಿಯಾಗುವಿಕೆಯಿಂದ ಹೆಚ್ಚೆಂದರೆ ಸುಮಾರು 22 ಡಿಗ್ರಿಯವರೆಗೆ ಇಳಿಯಬಹುದು. ಅದೇ 28 ಡಿಗ್ರಿಯ ಮಳೆಗಾಲದ ದಿನ ತೇವಾಂಶ ಶೇ. 80ರಷ್ಟಿದ್ದಾಗ ಆ ಮಿತಿ ಸುಮಾರು 25 ಡಿಗ್ರಿ. ಒಂದರಲ್ಲಿ ಹದಿಮೂರು ಡಿಗ್ರಿಯ ಇಳಿತಕ್ಕೆ ಅವಕಾಶವಿದ್ದರೆ ಇನ್ನೊಂದರಲ್ಲಿ ಬರಿಯ ಮೂರು. ಅದನ್ನೂ ಮಡಕೆ ಪೂರ್ತಿಯಾಗಿ ಮುಟ್ಟುವುದಿಲ್ಲ. ನೀವೇ ಅಳೆಯಬಹುದು: ಥರ್ಮಾಮೀಟರಿನ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿ ತೂಗಿಬಿಟ್ಟರೆ, ಸ್ವಲ್ಪ ಹೊತ್ತಿನ ಬಳಿಕ ಅದು ತೋರಿಸುವ ಅಂಕಿಯೇ ಅಂದಿನ ಮಿತಿ.

ಉತ್ತರ ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಅವರು 1990ರ ದಶಕದಲ್ಲಿ ಇಂಥ ಜೋಡಿ ಮಡಕೆಗಳನ್ನು ಹಳ್ಳಿಗಳಿಗೆ ಹಂಚಿ, 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ಮೂರು ದಿನಕ್ಕೆ ಬಾಡುತ್ತಿದ್ದ ಬದನೆಕಾಯಿ ಅವುಗಳಲ್ಲಿ 27 ದಿನ ಉಳಿಯಿತೆಂದು ವರದಿಯಾಗಿತ್ತು. ಅದು ಮರುಭೂಮಿಯ ಅಂಚಿನ ಒಣನಾಡು ಎಂಬುದನ್ನು ಮರೆತು ಆ ಅಂಕಿಯನ್ನು ನಾಲೆಯ ಬಯಲಿನ ನಮ್ಮ ಮನೆಗಳಿಗೆ ಅನ್ವಯಿಸಿಕೊಂಡರೆ ನಿರಾಸೆಯಾಗುತ್ತದೆ. ನಮ್ಮಲ್ಲಿ ಇದು ಫೆಬ್ರವರಿ ಕೊನೆಯಿಂದ ಮುಂಗಾರು ಹಿಡಿಯುವವರೆಗಿನ ಸಾಧನ ಎಂದು ನಾನು ನಂಬುತ್ತೇನೆ.

ಜಾಗದ ವಿಷಯದಲ್ಲಿ ಮಾತ್ರ ನೀವು ತಪ್ಪಿದ್ದೀರಿ. ಗಾಳಿಯಾಡದ ಮೂಲೆಯಲ್ಲಿ, ಅದೂ ಒಲೆಯ ಹಬೆ ತುಂಬುವ ಅಡುಗೆಮನೆಯಲ್ಲಿ, ಮಡಕೆಯ ಸುತ್ತ ತೇವದ ಗಾಳಿಯೇ ನಿಂತುಬಿಡುತ್ತದೆ. ಬಿಸಿಲು ತಾಗದ, ಗಾಳಿ ಹಾಯುವ ಜಗುಲಿಯಲ್ಲಿ, ನಾಲ್ಕು ಇಟ್ಟಿಗೆಗಳ ಮೇಲೆ ಎತ್ತರಿಸಿಡಿ. ಬುಡದಿಂದಲೂ ನೀರು ಆರಬೇಕು. ಬಾಯಿಗೆ ಒದ್ದೆ ಗೋಣಿ ಮುಚ್ಚಿ, ಮರಳಿಗೆ ಬೆಳಿಗ್ಗೆ ಸಂಜೆ ನೀರುಣಿಸಿ. ಹೊರಮಡಕೆಗೆ ಬಣ್ಣ ಬಳಿಯಬೇಡಿ. ಬಿಳಿ ಪುಡಿ ನಿಮ್ಮ ಬೋರ್‌ವೆಲ್ ನೀರಿನ ಲವಣವಿರಬೇಕು. ನೀರು ಆವಿಯಾಗಿ ಹೋದಾಗ ಉಳಿದ ಅದು ಮಡಕೆಯ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ತೆಂಗಿನ ನಾರಿನಿಂದ ಉಜ್ಜಿ, ಹುಣಿಸೆನೀರಿನಲ್ಲಿ ನೆನೆಸಿ ತೊಳೆಯಿರಿ.

ಹಾಲಿನ ಬಗ್ಗೆ ಖಂಡಿತವಾಗಿ ಹೇಳಲೇಬೇಕು. ಹಾಲು, ಮಾಂಸ, ಮೀನು, ಮಿಕ್ಕ ಅನ್ನ ಸಾರುಗಳಲ್ಲಿ ಸೂಕ್ಷ್ಮಜೀವಿಗಳ ಬೆಳವಣಿಗೆ ತಗ್ಗಬೇಕಾದರೆ 5 ಡಿಗ್ರಿಯೊಳಗಿನ ತಂಪು ಬೇಕು. ಕಡುಬೇಸಿಗೆಯಲ್ಲೂ ಮಡಕೆ ಅದನ್ನು ಕೊಡಲಾರದು. ಹಾಲನ್ನು ಕಾಯಿಸಿ ಹೆಪ್ಪು ಹಾಕಿ, ಆದ ಮೊಸರನ್ನು ಮಡಕೆಯಲ್ಲಿಟ್ಟರೆ ಬೇಗ ಹುಳಿಯಾಗದು. ಸೊಪ್ಪು, ಬದನೆ, ಹುರುಳಿಕಾಯಿ, ವೀಳ್ಯದೆಲೆಗಳಿಗೆ ಮಡಕೆಯ ತೇವವೇ ವರ. ಮೈಸೂರಿನ ದೇವರಾಜ ಮಾರುಕಟ್ಟೆಯ ಎಲೆ ಹೂವಿನ ವ್ಯಾಪಾರಿಗಳು ಸರಕಿಗೆ ಒದ್ದೆ ಬಟ್ಟೆ ಹೊದಿಸುವುದೂ ಇದೇ ಕಾರಣಕ್ಕೆ. ಫ್ರಿಜ್ಜಿನ ಚಳಿಗೆ ರುಚಿಗೆಡುವ ಟೊಮೆಟೊ ಇಲ್ಲಿ ರುಚಿ ಉಳಿಸಿಕೊಳ್ಳುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳನ್ನು ಮಾತ್ರ ಇಡಬೇಡಿ, ತೇವಕ್ಕೆ ಕೊಳೆಯುತ್ತವೆ.

ತೋಟದ ಬೆಳೆಯನ್ನು ಮಾರುವವರೆಗೆ ಇಡಬೇಕಿದ್ದರೆ ಮಡಕೆ ಸಾಲದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ ತಂಪು ಕೋಣೆಯಲ್ಲಿ ಎರಡು ಇಟ್ಟಿಗೆ ಗೋಡೆಗಳ ನಡುವಿನ 7.5 ಸೆಂ.ಮೀ. ಸಂದಿಗೆ ಮರಳು ತುಂಬಿ ನೀರುಣಿಸುತ್ತಾರೆ. ಸುಮಾರು 100 ಕಿಲೋ ತರಕಾರಿ ಹಿಡಿಯುತ್ತದೆ. ಮಾವಿನ ಮರದ ನೆರಳಿದ್ದರೆ ಅದರಡಿಯಲ್ಲಿ ಕಟ್ಟಿಕೊಳ್ಳಬಹುದು.

ಈಗ ಮರಳನ್ನು ಹೊರತೆಗೆದು ತೊಳೆದು, ಮಡಕೆಗಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಶಿವರಾತ್ರಿ ಕಳೆದ ಮೇಲೆ ಮತ್ತೆ ಮರಳು ತುಂಬಿ, ಒಂದು ದಿನವಿಡೀ ನೀರುಣಿಸಿದ ಬಳಿಕ ತರಕಾರಿ ಇಡಲು ಆರಂಭಿಸಿ.