ಎರಡೂ ಹೆಸರಿರುವ ಆ ಒಂದು ಹಾಳೆ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಉತ್ತರ

ಪ್ರಶ್ನೆ: ಮೇಡಂ, ನನಗೆ 31 ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ. ಶಾಲೆಯಲ್ಲಿ ಹಾಜರಿ ಕರೆಯುವಾಗ ನನ್ನ ಹೆಸರು ಬಂದ ತಕ್ಷಣ ಹಿಂದಿನ ಬೆಂಚಿನಿಂದ ನಗು ಕೇಳಿಸುತ್ತಿತ್ತು. ಆ ನಗು ಆಫೀಸಿನವರೆಗೂ ಬಂತು. ಕೊನೆಗೆ ಧೈರ್ಯ ಮಾಡಿ ಅಫಿಡವಿಟ್ ಮಾಡಿಸಿದೆ, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟೆ, ಕೇಂದ್ರ ಸರ್ಕಾರದ ಅಧಿಕೃತ ಪ್ರಕಟಣೆಗಳು ಬರುವ ಗೆಜೆಟ್‌ನಲ್ಲೂ ಹೊಸ ಹೆಸರು ಬಂತು. ಈಗ ಎರಡು ತಿಂಗಳಿಂದ ಅಲೆಯುತ್ತಿದ್ದೇನೆ. ಬ್ಯಾಂಕಿನವರು ಮೊದಲು ಆಧಾರ್ ಸರಿಮಾಡಿಸಿ ಅಂದರು. ಆಧಾರ್ ಕೇಂದ್ರದಲ್ಲಿ ಹೊಸ ಹೆಸರಿನ ಪ್ಯಾನ್ ತನ್ನಿ ಅಂದರು. ಪ್ಯಾನ್ ಅರ್ಜಿ ತುಂಬುವವರು ಹೊಸ ಹೆಸರಿನ ಆಧಾರ್ ಕೇಳಿದರು. ಪಿಎಫ್, ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲವೂ ಹಳೆಯ ಹೆಸರಿನಲ್ಲೇ ಇವೆ. ಎಲ್ಲಿಂದ ಶುರು ಮಾಡಲಿ? ಹಳೆಯ ಹೆಸರಿನ ಕಾರ್ಡುಗಳನ್ನು ನೋಡಿದರೇ ಸಂಕಟವಾಗುತ್ತದೆ, ಹರಿದು ಹಾಕಬಹುದೇ?

ಉತ್ತರ: ಹರಿಯಬೇಡಿ ತಾಯಿ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನೀವು ಬರೆದುಕೊಂಡಿರುವ ಎರಡೂ ಹೆಸರುಗಳನ್ನು ಇಲ್ಲಿ ಅಚ್ಚು ಮಾಡುತ್ತಿಲ್ಲ. ಹೆಸರು ಯಾಕೆ ಬದಲಾಯಿಸಿಕೊಂಡಿರಿ ಎಂದು ಯಾರಿಗೂ ಸಮಜಾಯಿಷಿ ಕೊಡಬೇಕಾದ ಹಂಗೂ ನಿಮಗಿಲ್ಲ. ಆದರೆ ಆ ಹಳೆಯ ಕಾರ್ಡುಗಳು ಇನ್ನೂ ಸ್ವಲ್ಪ ಕಾಲ ನಿಮ್ಮ ಕೆಲಸಕ್ಕೆ ಬೇಕು.

ನೀವು ಸಿಕ್ಕಿಕೊಂಡಿರುವ ಸುತ್ತು ಬಿಡುವುದು ಆಧಾರ್‌ನಲ್ಲೇ. ಹೆಸರು ಪೂರ್ತಿ ಬದಲಾದಾಗ ಆಧಾರ್‌ಗೆ ಬೇಕಾದದ್ದು ಗೆಜೆಟ್ ಪ್ರತಿ, ಅದರ ಜೊತೆಗೆ ಹಳೆಯ ಹೆಸರಿನಲ್ಲೇ ಇರುವ, ಫೋಟೋ ಇರುವ ಒಂದು ಗುರುತಿನ ಚೀಟಿ. ಹಳೆಯ ಹೆಸರಿನದು, ಹೊಸ ಹೆಸರಿನದಲ್ಲ. ನಿಮ್ಮ ಈಗಿನ ಪ್ಯಾನ್ ಅಥವಾ ಪಾಸ್‌ಪೋರ್ಟ್ ಸಾಕು. ಕೇಂದ್ರದವರು ಮತ್ತೆ ಹೊಸ ಹೆಸರಿನ ಪ್ಯಾನ್ ಕೇಳಿದರೆ ಅಲ್ಲೇ ನಿಂತು 1947ಕ್ಕೆ ಫೋನ್ ಮಾಡಿ. ಅದು ಆಧಾರ್ ಸಹಾಯವಾಣಿ, ದುಡ್ಡು ಹೋಗುವುದಿಲ್ಲ.

ಅಲ್ಲಿಗೆ ಹೋಗುವ ಮೊದಲು ಮನೆಯಲ್ಲಿ ಕೂತು ಒಂದು ಕೆಲಸ ಮಾಡಿ. ಗೆಜೆಟ್‌ನಲ್ಲಿ ನಿಮ್ಮ ಹೊಸ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿ. ನಮ್ಮ ಬಾಯಲ್ಲಿ ‘ಲಕ್ಷ್ಮಿ’ ಎಂದರೆ ಒಂದೇ ಲಕ್ಷ್ಮಿ. ಇಂಗ್ಲಿಷಿನಲ್ಲಿ ಕೆಎಸ್‌ಎಚ್ ಹಾಕಿ ಬರೆಯುವವರಿದ್ದಾರೆ, ಎಕ್ಸ್ ಹಾಕಿ ಬರೆಯುವವರಿದ್ದಾರೆ, ಕೊನೆಗೆ ಒಂದು ಐ ಹಾಕುವವರು, ಎರಡು ಇ ಹಾಕುವವರೂ ಇದ್ದಾರೆ. ಕಂಪ್ಯೂಟರಿಗೆ ಅವರೆಲ್ಲ ಬೇರೆ ಬೇರೆ ಹೆಂಗಸರು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ ಎಂಬುದು ನಿಯಮ. ಅದರಲ್ಲಿ ಒಂದನ್ನು ಈಗ ಖರ್ಚು ಮಾಡುತ್ತಿದ್ದೀರಿ. ಆಪರೇಟರ್ ಟೈಪ್ ಮಾಡಿದ ಮೇಲೆ ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ, ಇಂಗ್ಲಿಷ್ ಸಾಲನ್ನೂ ಕನ್ನಡ ಸಾಲನ್ನೂ ಓದಿ. ಇಂಗ್ಲಿಷ್ ಸರಿಯಿದ್ದು ಕನ್ನಡದಲ್ಲಿ ದೀರ್ಘ ಹ್ರಸ್ವವಾಗಿರುವುದು, ಒತ್ತಕ್ಷರ ಬಿಟ್ಟುಹೋಗಿರುವುದು ತೀರಾ ಸಾಮಾನ್ಯ. ಹಿಂದೆ ಕ್ಯೂ ನಿಂತವರು ಗೊಣಗಿದರೆ ಗೊಣಗಲಿ.

ಇನಿಷಿಯಲ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆಯವರು ಎಡವುವುದೇ ಇಲ್ಲಿ. ಊರಿನದೊಂದು, ಅಪ್ಪನದೊಂದು ಅಕ್ಷರ ಹೆಸರಿಗೆ ಅಂಟಿಕೊಂಡೇ ಬಂದಿರುತ್ತದೆ. ಪ್ಯಾನ್ ಅರ್ಜಿ ಅದನ್ನು ಒಪ್ಪುವುದಿಲ್ಲ, ಬಿಡಿಸಿ ಬರೆಯಿರಿ ಎನ್ನುತ್ತದೆ. ಆಧಾರ್‌ನಲ್ಲಿ ಬರೀ ಅಕ್ಷರ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಆದರೆ ಎರಡೂ ತಾಳೆಯಾಗದೆ ಒದ್ದಾಡುತ್ತೀರಿ. ಗೆಜೆಟ್‌ನಲ್ಲಿ ಹೇಗೆ ಬಂದಿದೆಯೋ ಹಾಗೆಯೇ, ಒಂದು ಚುಕ್ಕೆಯೂ ಹೆಚ್ಚುಕಮ್ಮಿ ಆಗದಂತೆ, ಎಲ್ಲ ಕಡೆಯೂ ಬರಲಿ.

ಗೆಜೆಟ್ ನಿಮ್ಮ ಫೋನಿನಲ್ಲಿ ಬರೀ ಫೋಟೋ ಆಗಿ ಇದ್ದರೆ ಸಾಲದು. 2015ರ ಅಕ್ಟೋಬರ್‌ನಿಂದ ಭಾರತದ ಗೆಜೆಟ್ ಕಾಗದದಲ್ಲಿ ಅಚ್ಚಾಗುವುದು ನಿಂತಿದೆ, ಸರ್ಕಾರದ ಇ-ಗೆಜೆಟ್ ತಾಣದಲ್ಲಿರುವ ಪಿಡಿಎಫ್ ಪ್ರತಿಯೇ ಅಧಿಕೃತ. ಹೆಸರು ಬದಲಾವಣೆ ಬರುವುದು ಅದರ 4ನೇ ಭಾಗದಲ್ಲಿ, ವಾರಕ್ಕೊಮ್ಮೆ. ನಿಮ್ಮ ಹೆಸರಿರುವ ಪುಟವನ್ನಷ್ಟೇ ಅಲ್ಲ, ಸಂಚಿಕೆಯ ಸಂಖ್ಯೆ ಮತ್ತು ತಾರೀಖು ಇರುವ ಮೊದಲ ಪುಟವನ್ನೂ ಸೇರಿಸಿ ಹತ್ತು ಪ್ರತಿ ತೆಗೆಸಿಡಿ. ಪತ್ರಿಕೆಯ ಪ್ರಕಟಣೆಯನ್ನು ಕತ್ತರಿಸಿಟ್ಟಿದ್ದೀರೋ, ಇಡೀ ಪುಟ ಇಟ್ಟಿದ್ದೀರೋ? ಇಡೀ ಪುಟ ಬೇಕು, ಪತ್ರಿಕೆಯ ಹೆಸರು ಮತ್ತು ದಿನಾಂಕ ಕಾಣಬೇಕು. ಮೂಲ ಪ್ರತಿಯನ್ನೇ ಕೇಳುವ ಕಚೇರಿಗಳಿವೆ. ನ್ಯೂಸ್‌ಪ್ರಿಂಟ್ ಬೇಗ ಹಳದಿಯಾಗುತ್ತದೆ, ಪ್ಲಾಸ್ಟಿಕ್ ಕವರಿಗೆ ಹಾಕಿಡಿ.

ಆಧಾರ್ ಆದಮೇಲೆ ಪ್ಯಾನ್. ಹೊಸ ಪ್ಯಾನ್‌ಗೆ ಅರ್ಜಿ ಹಾಕಬೇಡಿ, ಇರುವ ಪ್ಯಾನ್‌ನ ತಿದ್ದುಪಡಿ ಅರ್ಜಿ ಹಾಕಿ. ಸಂಖ್ಯೆ ಅದೇ ಇರುತ್ತದೆ. ಒಬ್ಬರ ಬಳಿ ಎರಡು ಪ್ಯಾನ್ ಇದ್ದರೆ 10,000 ರೂಪಾಯಿ ದಂಡಕ್ಕೆ ದಾರಿ. ಆದಾಯ ತೆರಿಗೆ ರೀಫಂಡ್ ಬರುವುದಿದ್ದರೆ ಅದು ಖಾತೆಗೆ ಬಂದ ಮೇಲೆಯೇ ಈ ಕೆಲಸಕ್ಕೆ ಇಳಿಯಿರಿ. ಪ್ಯಾನ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಇರುವ ನಡುವಿನ ವಾರಗಳಲ್ಲಿ ರೀಫಂಡ್ ಅಲ್ಲೇ ನಿಂತುಬಿಡುತ್ತದೆ.

ಇನ್ನು ಬ್ಯಾಂಕು, ನಾನು 34 ವರ್ಷ ಕೂತ ಜಾಗ. ನಿಮ್ಮನ್ನು ವಾಪಸ್ ಕಳಿಸಿದರಲ್ಲ, ನಿಜಕ್ಕೂ ಹಾಗೆ ಕಳಿಸಬೇಕಿರಲಿಲ್ಲ. ಗುರುತಿನ ದಾಖಲೆ ವಿತರಣೆಯಾದ ಮೇಲೆ ಹೆಸರು ಬದಲಾಗಿದ್ದರೂ, ಗೆಜೆಟ್ ಪ್ರಕಟಣೆ ಅಥವಾ ರಾಜ್ಯ ಸರ್ಕಾರ ಕೊಟ್ಟ ವಿವಾಹ ಪ್ರಮಾಣಪತ್ರ ಜೊತೆಗಿದ್ದರೆ ಆ ದಾಖಲೆಯನ್ನು ಒಪ್ಪಬೇಕು ಎಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲೇ ಇದೆ. ಕೌಂಟರಿನಲ್ಲಿರುವ ಹುಡುಗನಿಗೆ ಗೊತ್ತಿಲ್ಲದಿರಬಹುದು. ಜಗಳ ಬೇಡ, ಮ್ಯಾನೇಜರ್ ಹತ್ತಿರ ಈ ಮಾತನ್ನು ಹೇಳಿ. ‘ಖಾತೆಯ ಹೆಸರು ಬದಲಿಸಿ’ ಎಂದು ಬರೆದುಕೊಡಬೇಡಿ, ‘ನನ್ನ ಗ್ರಾಹಕ ಸಂಖ್ಯೆಯಲ್ಲೇ ಹೆಸರು ಬದಲಿಸಿ’ ಎಂದು ಬರೆಯಿರಿ. ಆಗ ಉಳಿತಾಯ ಖಾತೆ, ಎಫ್‌ಡಿ, ಲಾಕರ್ ಒಟ್ಟಿಗೆ ಬದಲಾಗುತ್ತವೆ. ಇಲ್ಲವಾದರೆ ಒಂದು ಎಫ್‌ಡಿ ಮಾತ್ರ ಹಳೆಯ ಹೆಸರಿನಲ್ಲಿ ಉಳಿದು ಐದು ವರ್ಷದ ನಂತರ ಎದುರು ಬರುತ್ತದೆ.

ಹೊಸ ಹೆಸರಿಗೆ ಹೊಸ ಸಹಿ ಮಾಡುತ್ತೀರಾ? ಮಾಡುವುದಾದರೆ ಮೊದಲು ನಿಮ್ಮ ಚೆಕ್‌ಬುಕ್ಕಿನ ಕೌಂಟರ್‌ಫಾಯಿಲ್‌ಗಳನ್ನು ನೋಡಿ. ಹಳೆಯ ಸಹಿ ಹಾಕಿ ಕೊಟ್ಟ ಚೆಕ್ ಯಾರ ಹತ್ತಿರವಾದರೂ ಇದೆಯೇ, ಸಾಲದ ಕಂತಿಗೆ ಮುಂದಿನ ತಾರೀಖಿನ ಚೆಕ್ ಕೊಟ್ಟಿದ್ದೀರಾ? ಮಾದರಿ ಸಹಿಯ ಕಾರ್ಡ್ ಬದಲಾದ ಮೇಲೆ ಅವು ‘ಸಹಿ ಹೊಂದಿಕೆಯಾಗಿಲ್ಲ’ ಎಂದು ಹಿಂದಿರುಗುತ್ತವೆ. ಎಷ್ಟೋ ಒಳ್ಳೆಯ ಗ್ರಾಹಕರು ಈ ಒಂದು ಕಾರಣಕ್ಕೆ ತಮ್ಮದಲ್ಲದ ತಪ್ಪಿಗೆ ತಲೆ ತಗ್ಗಿಸಿ ನಿಂತದ್ದನ್ನು ನೋಡಿದ್ದೇನೆ.

ಪಿಎಫ್‌ಗೆ ನೀವೂ ಕಂಪನಿಯೂ ಸೇರಿ ಕೊಡುವ ಜಂಟಿ ಘೋಷಣೆ ಇದೆ, ನಿಮ್ಮ ಎಚ್‌ಆರ್‌ನವರಿಗೆ ಗೊತ್ತಿರುತ್ತದೆ. ಮತದಾರರ ಪಟ್ಟಿಗೆ ನಮೂನೆ 8. ಪಾಸ್‌ಪೋರ್ಟ್‌ನಲ್ಲಿ ತಿದ್ದುವುದೆಂಬುದಿಲ್ಲ, ಮರುವಿತರಣೆಗೆ ಅರ್ಜಿ ಹಾಕಬೇಕು, ಹೊಸ ಪುಸ್ತಕ ಹೊಸ ಸಂಖ್ಯೆಯೊಂದಿಗೆ ಬರುತ್ತದೆ. ವಿದೇಶಕ್ಕೆ ಟಿಕೆಟ್ ಆಗಿದ್ದರೆ ಹೋಗಿ ಬಂದ ಮೇಲೆ ಮಾಡಿಸಿ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಸದ್ಯ ಹಾಗೇ ಬಿಡಿ ಎಂಬುದು ನನ್ನ ಅಭಿಪ್ರಾಯ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಜಿಗ್ಯಾ ಯಾದವ್ ಪ್ರಕರಣದಲ್ಲಿ, ಒಬ್ಬರ ಹೆಸರಿನ ಮೇಲಿನ ಹಕ್ಕು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಹೇಳಿತು. ಆ ತೀರ್ಪನ್ನು ಓದಿದ ದಿನ ನನಗೆ ಬಹಳ ಸಮಾಧಾನವಾಗಿತ್ತು. ಆದರೆ ಆ ಪ್ರಕರಣ ಸಿಬಿಎಸ್‌ಇ ಅಂಕಪಟ್ಟಿಗೆ ಸಂಬಂಧಿಸಿದ್ದು, ನಿಮ್ಮದು ರಾಜ್ಯದ ಮಂಡಳಿ. ಅಗತ್ಯ ಬಿದ್ದರೆ ಓದಿದ ಶಾಲೆಯ ಮೂಲಕ ಅರ್ಜಿ ಹಾಕಿ ನೋಡಬಹುದು. ಕೆಲಸಕ್ಕೆ, ಮುಂದಿನ ಓದಿಗೆ ಅಂಕಪಟ್ಟಿಯ ಹಿಂದೆ ಗೆಜೆಟ್ ಲಗತ್ತಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ.

ನೀವು ಕೇಳದ ಒಂದು ವಿಷಯವಿದೆ. ನಿಮ್ಮ ದಾಖಲೆಗಳ ಪಟ್ಟಿ ಮಾಡಿದ್ದೀರಿ, ಬೇರೆಯವರ ದಾಖಲೆಗಳಲ್ಲಿ ನಿಮ್ಮ ಹೆಸರಿದೆಯಲ್ಲ, ಅದನ್ನು ಮರೆತಿದ್ದೀರಿ. ನಾನು ಸರ್ವಿಸಿನಲ್ಲಿದ್ದಾಗ ಒಬ್ಬ ಹೆಣ್ಣುಮಗಳು ತೀರಿಹೋದ ತಾಯಿಯ ಎಫ್‌ಡಿ ರಸೀದಿಗಳನ್ನು ತಂದಿದ್ದಳು. ಸೀರೆಯ ಡಬ್ಬಿಯಲ್ಲಿಟ್ಟಿದ್ದ ರಸೀದಿಗಳು, ನುಸಿಗುಳಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ನಾಮಿನಿ ಎಂಬಲ್ಲಿ ತಾಯಿ ಬರೆಸಿದ್ದು ಮಗಳ ಹುಟ್ಟುಹೆಸರು. ಮಗಳು ಅದನ್ನು ಬದಲಾಯಿಸಿಕೊಂಡು ಹನ್ನೆರಡು ವರ್ಷವಾಗಿತ್ತು. ನೋಟರಿಯ ಅಫಿಡವಿಟ್ ಮನೆ ಬದಲಿಸುವಾಗ ಕಳೆದುಹೋಗಿತ್ತು, ಗೆಜೆಟ್ ಮಾಡಿಸಿಯೇ ಇರಲಿಲ್ಲ, ಹಳೆಯ ಹೆಸರಿನ ಎಲ್ಲ ಕಾಗದಗಳನ್ನೂ ತಾನೇ ಎಸೆದಿದ್ದಳು. ‘ಇದು ನಾನೇ ಮೇಡಂ, ಅಮ್ಮ ನನ್ನನ್ನು ಹಾಗೇ ಕರೆಯುತ್ತಿದ್ದಳು’ ಎಂದಳು. ನನಗೆ ಅನುಮಾನವೇ ಇರಲಿಲ್ಲ. ಆದರೂ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ‘ಹೆಸರು ತಾಳೆಯಾಗಿಲ್ಲ’ ಎಂದು ಬರೆದವಳು ನಾನೇ. ಶಾಲೆಯ ದಾಖಲಾತಿ ಪುಸ್ತಕದ ನಕಲು, ಹೊಸ ಅಫಿಡವಿಟ್, ಇಬ್ಬರು ಸಾಕ್ಷಿಗಳು ಎಲ್ಲ ಸೇರಿ ಹಣ ಅವಳ ಕೈಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ಸಲ ಅವಳು ಬಂದು ಕೂತ ಆ ಮರದ ಬೆಂಚು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಆದ್ದರಿಂದ ಈ ಭಾನುವಾರ ತಂದೆತಾಯಿಯ ಜೊತೆ ಕೂತುಕೊಳ್ಳಿ. ಅವರ ಬ್ಯಾಂಕ್ ಖಾತೆ, ಎಲ್‌ಐಸಿ ಪಾಲಿಸಿ, ಅಂಚೆ ಕಚೇರಿಯ ಠೇವಣಿ, ಉಯಿಲು ಇದ್ದರೆ ಅದು, ಎಲ್ಲೆಲ್ಲಿ ನಿಮ್ಮ ಹಳೆಯ ಹೆಸರಿದೆ ನೋಡಿ. ನಾಮಿನಿಯ ಹೆಸರನ್ನು ಬದಲಿಸಬೇಕಾದವರು ಖಾತೆಯ ಯಜಮಾನರೇ, ಅವರು ಇರುವಾಗಲೇ ಅದು ಸುಲಭ. ಹಾಗೆಯೇ ಗೆಜೆಟ್‌ನ ಒಂದು ಪ್ರತಿಯನ್ನು ಅಮ್ಮನ ಬೀರುವಿನಲ್ಲೂ ಇಡಿ. ಹಳೆಯ ಹೆಸರು, ಹೊಸ ಹೆಸರು ಎರಡೂ ಒಟ್ಟಿಗೆ ಇರುವ ಸರ್ಕಾರಿ ಹಾಳೆ ಅದು. ಹಳೆಯ ಕಾರ್ಡುಗಳನ್ನೂ ಅದೇ ಕವರಿನಲ್ಲಿ ಹಾಕಿ ಕಣ್ಣಿಗೆ ಬೀಳದ ಕಡೆ ಇಟ್ಟುಬಿಡಿ.

ಪ್ರಶ್ನೆ: ಮದುವೆಯಾಗಿ ಆರು ತಿಂಗಳು. ಗಂಡನ ಹೆಸರು ಸೇರಿಸಿಕೊಳ್ಳದಿದ್ದರೆ ಜಂಟಿ ಖಾತೆ, ಪಾಸ್‌ಪೋರ್ಟ್ ಯಾವುದೂ ಆಗುವುದಿಲ್ಲ ಎಂದು ಅತ್ತೆಮನೆಯವರು ಹೇಳುತ್ತಾರೆ. ನನಗೆ ನನ್ನ ಹೆಸರೇ ಇರಲಿ ಎಂದಿದೆ. ಏನು ಮಾಡಲಿ?

ಉತ್ತರ: ನಿಮ್ಮ ಹೆಸರೇ ಇರಲಿ. ಮದುವೆಯಾದ ಹೆಣ್ಣು ಹೆಸರು ಬದಲಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಜಂಟಿ ಖಾತೆಗೆ ಇಬ್ಬರ ಕೆವೈಸಿ ಸಾಕು, ಹೆಸರುಗಳು ಹೋಲಬೇಕಿಲ್ಲ. ಪಾಸ್‌ಪೋರ್ಟ್‌ನಲ್ಲಿ ಹೆಸರು ಮುಟ್ಟದೆ ಗಂಡನ ಹೆಸರನ್ನು ಸಂಗಾತಿಯ ವಿವರದಲ್ಲಿ ಸೇರಿಸಬಹುದು. ಪ್ಯಾನ್ ಅರ್ಜಿಯಂತೂ ಮದುವೆಯಾದವರಿಂದಲೂ ತಂದೆಯ ಹೆಸರನ್ನೇ ಕೇಳುತ್ತದೆ, ತಾಯಿಯೊಬ್ಬರೇ ಬೆಳೆಸಿದ್ದರೆ ತಾಯಿಯದನ್ನು. ಮನೆಯಲ್ಲಿ ಇದನ್ನು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿ. ಮುಂದೆ ಎಂದಾದರೂ ನಿಮಗೇ ಬೇಕೆನಿಸಿದರೆ ವಿವಾಹ ನೋಂದಣಿ ಪ್ರಮಾಣಪತ್ರವೇ ಬಹುತೇಕ ಕಡೆ ಸಾಕಾಗುತ್ತದೆ. ಹಾಗಾಗಿ ಮದುವೆ ನೋಂದಣಿ ಇನ್ನೂ ಆಗಿಲ್ಲವಾದರೆ ಅದನ್ನು ಮಾತ್ರ ಈಗಲೇ ಮಾಡಿಸಿ.

ಪ್ರಶ್ನೆ: ನಾನು 58ರ ವಯಸ್ಸಿನವನು. ಹದಿನೈದು ವರ್ಷದ ಹಿಂದೆ ಕೊಂಡ ಸೈಟಿನ ಕ್ರಯಪತ್ರ ಹಳೆಯ ಹೆಸರಿನಲ್ಲಿದೆ. ಆಮೇಲೆ ಗೆಜೆಟ್ ಮೂಲಕ ಹೆಸರು ಬದಲಿಸಿಕೊಂಡೆ. ತಿದ್ದುಪಡಿ ಪತ್ರ ಮಾಡಿಸಲು ಹಳೆಯ ಮಾಲೀಕರನ್ನು ಹುಡುಕಿಕೊಂಡು ಹೋಗಬೇಕೇ?

ಉತ್ತರ: ಬೇಡ ಸ್ವಾಮಿ. ತಿದ್ದುಪಡಿ ಪತ್ರ ಇರುವುದು ತಪ್ಪನ್ನು ತಿದ್ದಲು. ನಿಮ್ಮ ಕ್ರಯಪತ್ರದಲ್ಲಿ ತಪ್ಪೇ ಇಲ್ಲ, ನೋಂದಣಿಯಾದ ದಿನ ನಿಮ್ಮ ಹೆಸರು ಅದೇ ಆಗಿತ್ತು. ಆ ಪತ್ರವನ್ನೂ, ಋಣಭಾರ ಪತ್ರದಲ್ಲಿ ಬರುವ ಹಳೆಯ ಹೆಸರನ್ನೂ ಹಾಗೇ ಬಿಡಿ. ಬದಲಿಸಬೇಕಾದದ್ದು ಸೈಟಿನ ಖಾತೆ, ಅಂದರೆ ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯಲ್ಲಿರುವ ಹೆಸರು. ಕ್ರಯಪತ್ರ, ಗೆಜೆಟ್, ಈಗಿನ ಆಧಾರ್ ಮೂರನ್ನೂ ಇಟ್ಟು ನಿಮ್ಮ ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಿ. ಮುಂದೆ ಮಾರುವಾಗ ಅಥವಾ ಮಕ್ಕಳಿಗೆ ದಾನಪತ್ರ ಮಾಡುವಾಗ, ನಿಮ್ಮ ಹೊಸ ಹೆಸರಿನ ಮುಂದೆ ‘ಈ ಹಿಂದೆ ಇಂಥ ಹೆಸರಿನಿಂದ ಗುರುತಿಸಿಕೊಂಡಿದ್ದ’ ಎಂದು ಸೇರಿಸಿ, ಗೆಜೆಟ್‌ನ ಸಂಖ್ಯೆ ಮತ್ತು ತಾರೀಖನ್ನು ಪತ್ರದಲ್ಲೇ ಬರೆಸಿ. ಪತ್ರ ಬರಹಗಾರರು ಅದಿಲ್ಲದೆ ಟೈಪ್ ಮಾಡಿ ತಂದರೆ, ಸಹಿ ಹಾಕುವ ಮೊದಲು ವಾಪಸ್ ಕೊಟ್ಟು ಸೇರಿಸಲು ಹೇಳಿ.